ಎರವಲು ಟೆನರ್

"ಬ್ರೆಡ್ ಅಡುಗೆಮನೆಗೆ. ಹಿಂದಿನ ಬಾಗಿಲಿಂದ," ಎಂದಳು ಎನಿಡ್, ತಲೆಯೆತ್ತದೆ.

ಬಾಗಿಲಲ್ಲಿ ನಿಂತಿದ್ದವನು ಒಂದು ಕ್ಷಣ ಯೋಚಿಸಿದ. ಆಮೇಲೆ ಹೇಳಿದ ಹಾಗೆಯೇ ಹಿಂದಿನಿಂದ ಸುತ್ತಿಕೊಂಡು ಹೋಗಿ, ತಟ್ಟೆ ತುಂಬ ಬನ್ನು ಇಟ್ಟು, ಏಪ್ರನ್ ಬಿಚ್ಚಿ ಮಡಚಿ, ಮುಂದಿನ ಬಾಗಿಲಿಂದ ಒಳಗೆ ಬಂದು ಪಿಯಾನೋ ಪಕ್ಕ ನಿಂತ.

"ಮತ್ತೇನು?"

"ಬನ್ನು ಇಟ್ಟಾಯ್ತು. ಈಗ ಹಾಡ್ಲಾ?"

ರಿಹರ್ಸಲ್‌ಗೆಂದು ಚಾಪೆಲ್ಲಿನ ಹಾಲ್‌ನಲ್ಲಿ ಸೇರಿದ್ದವರೆಲ್ಲ ಗೊಳ್ಳೆಂದು ನಕ್ಕರು. ವೇಷಭೂಷಣದ ಐವಿಯಂತೂ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಅಂಗೈಗೆ ಉಗಿದುಕೊಂಡೇ ನಕ್ಕಳು. "ಎನಿಡ್, ಗಂಡು ಬೇಕು ಗಂಡು ಬೇಕು ಅಂತ ಊರೆಲ್ಲ ಬಾಯಿ ಬಡ್ಕೊಂಡೆ. ಬಂದವನ್ನ ಹಿತ್ತಲ ಬಾಗಿಲಿಗೆ ಕಳಿಸಿದೆಯಲ್ಲೇ ಮಾರಾಯ್ತಿ!"

ಎನಿಡ್ ಕ್ರಾಬ್‌ಟ್ರೀಯ ಮುಖ ಕೆಂಪಾಯಿತು. ಹೆಪ್‌ಕ್ಲಫ್ ಆಪೆರಾ ಸೊಸೈಟಿಗೆ ಅವಳೇ ಸೆಕ್ರೆಟರಿ, ಮಾತು ಮರೆತವರಿಗೆ ಮರೆಯಿಂದ ಎತ್ತಿಕೊಡುವ ಪ್ರಾಂಪ್ಟರೂ ಅವಳೇ. ಹಗಲು ಲೈಬ್ರರಿಯಲ್ಲಿ ಜನರನ್ನು ಸುಮ್ಮನಿರಿಸುವ ಕೆಲಸ, ಸಂಜೆ ಅದೇ ಜನರ ಬಾಯಿ ಬಿಡಿಸುವ ಕೆಲಸ. ಅವಳು ತಪ್ಪು ಮಾಡಿದ್ದನ್ನು ಆ ಊರಿನವರು ನೋಡಿದ್ದೇ ಅಪರೂಪ. ಆದ್ದರಿಂದ ಇದನ್ನು ಅಷ್ಟು ಬೇಗ ಮರೆಯುವವರಲ್ಲ.

"ಎಡ್ವಿನ್ ಪಿಲ್ಲಿಂಗ್," ಎಂದ ಅವನು ಕೈ ಚಾಚುತ್ತ. ತೋಳಿನ ಮೇಲೆ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. "ಗುಡ್ಡದಾಚೆಯ ಬೇಕರಿಯವನು. ನೋರಾ ಕಳಿಸಿದ್ರು."

ಅವನು ಹಾಡಿದ. ಪಿಯಾನೋ ಮುಂದಿದ್ದ ಮುದುಕ ಥ್ವೇಟ್ ನುಡಿಸುವುದನ್ನು ಮರೆತು ಕೂತ. ಟೆನರ್ ಎಂದರೆ ಇದು: ಏರುದನಿಯ ಗಂಡುಗಂಟಲು, ಎಂಥ ಎತ್ತರಕ್ಕೂ ಹೆದರದ್ದು. ಹೆಪ್‌ಕ್ಲಫ್‌ನಲ್ಲಿ ಹಾಡುವ ಹೆಂಗಸರಿಗೆ ಬರವಿಲ್ಲ, ಟೆನರ್‌ಗಳಿಗೆ ಮಾತ್ರ ಬರ. ಕಳೆದ ವರ್ಷ ನಾಯಕನ ಪಾರ್ಟು ಮಾಡಿದ ಪರ್ಸಿಯ ವಯಸ್ಸು ನಾಯಕಿಯ ಅಪ್ಪನದ್ದು. ಮದುವೆಯಾಗೆಂದು ಮಂಡಿಯೂರಿದವನನ್ನು ಮತ್ತೆ ಎಬ್ಬಿಸಲು ನಾವಿಕರ ವೇಷದ ಇಬ್ಬರು ಹಾಡುತ್ತಲೇ ಬರಬೇಕಾಯಿತು.

ಎಡ್ವಿನ್‌ನ ಹಾಡು ಮುಗಿದಾಗ ಎನಿಡ್ ಕಿಟಕಿಯ ಹತ್ತಿರ ನಿಂತಿದ್ದಳು. ಯಾವಾಗ ಎದ್ದು ಹೋದಳೋ ಅವಳಿಗೇ ಗೊತ್ತಿರಲಿಲ್ಲ.

* * *

ಟೆನರನ್ನು ಎರವಲು ತರುವುದೆಂದರೆ ಪಕ್ಕದ ಮನೆಯಿಂದ ಸಕ್ಕರೆ ತಂದ ಹಾಗಲ್ಲ. ಹಿಂದೊಮ್ಮೆ ಹೆಪ್‌ಕ್ಲಫ್‌ನವರು ಗುಡ್ಡದಾಚೆಯ ಮಿಲ್ಸ್‌ಡೆನ್‌ನವರಿಂದ ಒಬ್ಬ ಹಾಡುಗಾರನನ್ನು ಕರೆತಂದು ಹಿಂದಕ್ಕೆ ಕಳಿಸಿರಲಿಲ್ಲ. ಅವನು ಇಲ್ಲೇ ಉಳಿದ, ಇಲ್ಲೇ ಹಾಡಿದ, ಇಲ್ಲೇ ಸತ್ತ. ಗುಡ್ಡದ ಆಚೆ ಲ್ಯಾಂಕಶೈರ್ ಸೀಮೆ, ಈಚೆ ಯಾರ್ಕ್‌ಶೈರ್ ಸೀಮೆ. ಮೊದಲೇ ಹಾವು ಮುಂಗುಸಿ, ಮೇಲೆ ಇದೊಂದು. ಎಷ್ಟೋ ವರ್ಷ ಎರಡೂ ಸೊಸೈಟಿಗಳ ನಡುವೆ ಮಾತುಕತೆಯೇ ಇರಲಿಲ್ಲ. ಎನಿಡ್ ಕಷ್ಟಪಟ್ಟು ಅದನ್ನು ಸರಿಮಾಡಿದ್ದಳು.

"ಕೊಡ್ತೀನಿ ಎನಿಡ್," ಎಂದಿದ್ದಳು ಮಿಲ್ಸ್‌ಡೆನ್‌ನ ಸೆಕ್ರೆಟರಿ ನೋರಾ ಕ್ಲೆಗ್, ಫೋನಿನಲ್ಲಿ. "ಆದ್ರೆ ಕಡೇ ಶೋ ಮುಗಿದ ಭಾನುವಾರ ನನ್ನ ಹುಡುಗ ನನ್ನ ಬಾಗಿಲಲ್ಲಿರ್ಬೇಕು. ಹೇಗೆ ಕೊಟ್ಟಿದ್ನೋ ಹಾಗೇ."

"ಹಾಗೇ ಕಳಿಸ್ತೀನಿ. ನನ್ನ ಮಾತು."

ಆ ಮಾತು ಕೊಟ್ಟಾಗ ಅವಳು ಎಡ್ವಿನ್‌ನನ್ನು ನೋಡಿರಲಿಲ್ಲ.

ಮಂಗಳವಾರ ಮಂಗಳವಾರ ರಿಹರ್ಸಲ್. ನಾಯಕಿಯ ಪಾರ್ಟಿನ ಗ್ವೆನ್ ಆಸ್ಪತ್ರೆಯಲ್ಲಿ ನರ್ಸು, ಮಂಗಳವಾರವೇ ಅವಳ ಸಂಜೆಪಾಳಿ. ಹಾಗಾಗಿ ಅವಳ ಜಾಗದಲ್ಲಿ ಎನಿಡ್ ನಿಲ್ಲಬೇಕಿತ್ತು. ಹಾಡುವುದಿಲ್ಲ, ನಟಿಸುವುದಿಲ್ಲ. ಪುಸ್ತಕ ಕೈಯಲ್ಲಿ ಹಿಡಿದು ನಿಲ್ಲುವುದು, ತಿರುಗು ಎಂದಲ್ಲಿ ತಿರುಗುವುದು, ಅಷ್ಟೆ. ಬಲಗಡೆ ಪಿಯಾನೋ ಅಡ್ಡವಿದ್ದುದರಿಂದ ಅವಳು ಎಡಕ್ಕೆ ನಿಲ್ಲುತ್ತಿದ್ದಳು.

ಈ ವರ್ಷದ ಆಪೆರಾದಲ್ಲಿ ಒಬ್ಬ ಕಳ್ಳಸಾಗಣೆಯವನು, ಒಬ್ಬಳು ಮ್ಯಾಜಿಸ್ಟ್ರೇಟನ ಮಗಳು. ಬೆಳಗಾದರೆ ಅವನ ಹಡಗು ಹೊರಡುತ್ತದೆ. ಕೊನೆಯ ಅಂಕದಲ್ಲಿ ಅವನು ಅವಳ ಮುಂದೆ ನಿಂತು, "ಇರು ಎಂದರೆ ಇರುವೆ. ಒಂದೇ ಮಾತು, ಬಾಯಿಬಿಟ್ಟು ಹೇಳು," ಎನ್ನುತ್ತಾನೆ. ಅವಳು ಹೇಳುತ್ತಾಳೆ. ಆಮೇಲೆ ಮುತ್ತು.

ಆದರೆ ರಿಹರ್ಸಲ್‌ನಲ್ಲಿ ಮುತ್ತು ಕೊಡುವ ಪದ್ಧತಿ ಹೆಪ್‌ಕ್ಲಫ್‌ನಲ್ಲಿಲ್ಲ. ಚಾಪೆಲ್ಲಿನ ಹಾಲ್, ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತ ಕೂತ ಹೆಂಡತಿಯರು, ಚಳಿಗಾಲದ ನೆಗಡಿ. ಆದ್ದರಿಂದ ಆ ಜಾಗ ಬಂದಾಗ "ಮುತ್ತು" ಎಂದು ಬಾಯಲ್ಲಿ ಹೇಳಿ ಮುಂದೆ ಹೋಗುವುದು. ನಿಜವಾದದ್ದು ವೇಷ ಹಾಕಿದ ಮೇಲೆ.

"ಮುತ್ತು," ಎಂದ ಎಡ್ವಿನ್ ಮೊದಲ ಸಲ, ಬನ್ನಿನ ಬೆಲೆ ಹೇಳಿದ ಹಾಗೆ.

"ಆಯ್ತು. ಮುಂದಕ್ಕೆ," ಎಂದಳು ಎನಿಡ್.

ಮುಂದಿನ ವಾರ ಸ್ವಲ್ಪ ನಿಧಾನವಾಗಿ ಹೇಳಿದ. ಅದರ ಮುಂದಿನ ವಾರ ಆಕಳಿಸಿ, ಕ್ಷಮೆ ಕೇಳಿ, ಮತ್ತೆ ಹೇಳಿದ. ಕೋಳಿ ಕೂಗುವ ಮೊದಲೇ ಎದ್ದು ಒಲೆ ಹೊತ್ತಿಸುವವನು ಪಾಪ. ಒಮ್ಮೆ ಅವಳ ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ಸಿಲ್ಲನ್ನು ನೋಡುತ್ತ ನಿಂತು, ಹೇಳುವುದನ್ನೇ ಮರೆತ.

"ಮಿಸ್ಟರ್ ಪಿಲ್ಲಿಂಗ್?"

"ಹಾಂ?"

"ನಿಮ್ಮ ಮಾತು."

"ಮುತ್ತು," ಎಂದ, ತೀರ ಮೆಲ್ಲಗೆ.

"ಆಯ್ತು," ಎಂದಳು ಎನಿಡ್. 'ಮುಂದಕ್ಕೆ' ಎನ್ನಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಐವಿ ಹೊಲಿಗೆಯಿಂದ ತಲೆಯೆತ್ತಿ ಕೆಮ್ಮಿದಳು. ಆ ಕೆಮ್ಮಿಗೂ ನೆಗಡಿಗೂ ಸಂಬಂಧವಿರಲಿಲ್ಲ.

ಆಮೇಲೆ ಅವಳಿಗೆ ನೆಮ್ಮದಿ ಎಂಬುದೇ ಹೋಯಿತು. ನಿಂತಲ್ಲಿ ನಿಲ್ಲಲಾರಳು, ಕೂತಲ್ಲಿ ಕೂರಲಾರಳು. ಲೈಬ್ರರಿಯಲ್ಲಿ ಪುಸ್ತಕಗಳಿಗೆ ಮುದ್ರೆ ತಲೆಕೆಳಗಾಗಿ ಬೀಳತೊಡಗಿತು. ಬೀದಿಯಲ್ಲಿ ಯಾವ ವ್ಯಾನು ಹೋದರೂ ಅವನ ಬ್ರೆಡ್ಡಿನ ವ್ಯಾನೇ ಎಂದು ಕಿಟಕಿಗೆ ಹೋಗಿ ನೋಡುವಳು. ಕಲ್ಲಿದ್ದಲಿನದ್ದಾದರೆ ಡ್ರೈವರನ ಮೇಲೆಯೇ ಸಿಟ್ಟು. ಮಂಗಳವಾರ ಬೇಗ ಬರಲಿ ಅನ್ನಿಸುತ್ತಿತ್ತು. ಬಂದರೆ ಶೋ ಒಂದು ವಾರ ಹತ್ತಿರವಾಯಿತಲ್ಲ, ಬರಬಾರದಿತ್ತು ಅನ್ನಿಸುತ್ತಿತ್ತು. ಎರವಲು ಒಡವೆ ಹಾಕಿಕೊಂಡು ಕನ್ನಡಿ ಮುಂದೆ ಎಷ್ಟು ಹೊತ್ತು ನಿಂತರೂ ಅದು ನಮ್ಮದಾಗುವುದಿಲ್ಲ ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡಳು. ಮನಸ್ಸು ಕೇಳಲಿಲ್ಲ.

ಒಂದು ಸಂಜೆ ಚಹಾದ ಹೊತ್ತಿಗೆ ಎಡ್ವಿನ್ ಅವಳ ಪಕ್ಕಕ್ಕೆ ಬಂದು ಕೂತ. ಕಾಗದದ ಪೊಟ್ಟಣದಲ್ಲಿ ಅವಳಿಗೆಂದೇ ಒಂದು ಕಸ್ಟರ್ಡ್ ಟಾರ್ಟ್.

"ನೋರಾಗೆ ಮಾತು ಕೊಟ್ಟಿದೀರಂತೆ. ಹೇಗಿದ್ನೋ ಹಾಗೇ ವಾಪಸ್ಸು ಅಂತ."

"ಹೌದು."

"ಒಂದು ವೇಳೆ ಹಾಗೇ ಇಲ್ದೇ ಹೋದ್ರೆ?"

ಟಾರ್ಟನ್ನು ಬಾಯಿಗೆ ಒಯ್ಯುತ್ತಿದ್ದ ಎನಿಡ್ ಅದನ್ನು ಮತ್ತೆ ಪೊಟ್ಟಣಕ್ಕಿಟ್ಟಳು. ಆದರೆ ನಾಲಿಗೆ ಸೆಕ್ರೆಟರಿಯದು. "ಯಾಕೆ? ಗಂಟಲು ನೋಯ್ತಿದೆಯಾ?"

ಅವನು ಅವಳನ್ನೇ ನೋಡಿದ. ಆಮೇಲೆ ನಕ್ಕ, ಅಷ್ಟೇನೂ ಖುಷಿಯಿಂದಲ್ಲ. "ಇಲ್ಲ. ಗಂಟಲಿಗೇನೂ ಆಗಿಲ್ಲ."

ಮುಂದಿನ ವಾರ ಅವಳು ಅವನಿಗೆಂದು ಒಂದು ಬಾಟಲಿ ಜೇನು ತಂದಳು. ಅವಳ ಮಟ್ಟಿಗೆ ಅದು ಬಾಯಿಬಿಟ್ಟು ಹೇಳಿದಷ್ಟೇ ಆಗಿತ್ತು. ಅವನು ಬಾಟಲಿಯನ್ನು ತಿರುಗಿಸಿ ನೋಡಿ, "ಗಂಟಲಿಗಾ?" ಎಂದ. ಅವಳು ಹೂಂ ಎಂದಳು. ಎಂಥ ದಡ್ಡಿ! ಅವತ್ತು ಅವನು ಪಿಯಾನೋಗೆ ಹೇಳಿದಂತೆ "ಮುತ್ತು" ಎಂದ.

* * *

ಟೌನ್ ಹಾಲ್‌ನಲ್ಲಿ ಮೊದಲ ಶೋ. ಎನಿಡ್ ಎಡಮೂಲೆಯ ಪರದೆಯ ಮರೆಯಲ್ಲಿ, ಪ್ರಾಂಪ್ಟರಿನ ಸ್ಟೂಲಿನ ಮೇಲೆ, ಮೊಣಕಾಲಿನ ಮೇಲೆ ಪುಸ್ತಕವಿಟ್ಟು ಕೂತಿದ್ದಳು. ಎಲ್ಲ ನೀರು ಕುಡಿದಷ್ಟು ಸಲೀಸಾಗಿ ಸಾಗಿತ್ತು. ಕೊನೆಯ ಅಂಕ ಬಂತು. ಬಲಗಡೆಯಿಂದ ಗ್ವೆನ್ ಬಂದಳು, ಬೆಳ್ಳಗೆ, ಕೈ ಚಾಚಿಕೊಂಡು.

ಎಡ್ವಿನ್ ಎಡಕ್ಕೆ ತಿರುಗಿದ.

ನಾಯಕಿಗೆ ಬೆನ್ನು ಹಾಕಿ, ಪರದೆಯ ಮೂಲೆಯನ್ನೇ ನೋಡುತ್ತ, ಕೈ ಎದೆಯ ಮೇಲಿಟ್ಟು ಪ್ರೇಮಗೀತೆ ಶುರುಮಾಡಿದ. ಎನಿಡ್ ಬೆಚ್ಚಿ ಪುಸ್ತಕ ಬೀಳಿಸಿದಳು. ಕೈಯಿಂದ ಆಚೆ, ಆಚೆ ಎಂದು ಸನ್ನೆ ಮಾಡಿದಳು. ಅವನು ಹಾಡುತ್ತಲೇ ಇದ್ದ. ಗ್ವೆನ್ ಸ್ಟೇಜನ್ನೆಲ್ಲ ಸುತ್ತಿಕೊಂಡು ಬಂದು ಅವನ ಮುಂದೆ ನಿಲ್ಲಬೇಕಾಯಿತು. ಜನ ಬಿದ್ದು ಬಿದ್ದು ನಕ್ಕರು.

"ನನ್ನ ಗಂಡ ಎರಡನೇ ಸಾಲಲ್ಲಿ ಕೂತಿದ್ದ," ಎಂದಳು ಗ್ವೆನ್ ಪರದೆ ಬಿದ್ದ ಮೇಲೆ, ಉರಿದುರಿದು. "ಪರದೆಗೆ ಹಾಡೋದಾದ್ರೆ ಪರದೆಗೇ ಮುತ್ತು ಕೊಡಿ!"

"ಪರದೆಗಲ್ವೇ," ಎಂದಳು ಐವಿ. "ಪರದೆ ಹಿಂದಿನವರಿಗೆ."

ಎನಿಡ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಪ್ಪು ತನ್ನದೇ. ಪಿಯಾನೋ ಇದೆಯೆಂದು ಎಡಕ್ಕೆ ನಿಂತು ಅವನಿಗೆ ಎಡವನ್ನೇ ಕಲಿಸಿಬಿಟ್ಟಿದ್ದಳು. "ಗ್ವೆನ್ ಬರೋದು ಬಲಗಡೆಯಿಂದ, ಮಿಸ್ಟರ್ ಪಿಲ್ಲಿಂಗ್," ಎಂದಳು ಚುರುಕಾಗಿ. "ಎಡಗಡೆ ಯಾರೂ ಇಲ್ಲ."

"ಯಾರೂ ಇಲ್ಲ ಅಂತ ತಲೆಗೆ ಗೊತ್ತು," ಎಂದ ಅವನು. "ಕಾಲಿಗೆ ಗೊತ್ತಾಗ್ಲಿಲ್ಲ."

ಮಾರನೆಯ ದಿನದಿಂದ ಅವನು ಸರಿಯಾಗಿ ಬಲಕ್ಕೇ ತಿರುಗಿದ. ಗ್ವೆನ್‌ಗೆ ದಿನವೂ ಮುತ್ತು ಕೊಟ್ಟ. ಆ ಹೊತ್ತಿಗೆ ಎನಿಡ್ ಪುಸ್ತಕದ ಪುಟವನ್ನು ಬೆರಳಿನಿಂದ ನೇವರಿಸುತ್ತ, ಅಲ್ಲಿ ಏನೂ ಬರೆದಿರದ ಜಾಗವನ್ನು ಓದುತ್ತಿದ್ದಳು.

ಶನಿವಾರ, ಕೊನೆಯ ಶೋ. ಹಾಲ್ ಭರ್ತಿ. ಗ್ವೆನ್ ಬಲಗಡೆಯಿಂದ ಬಂದಳು, ಎಡ್ವಿನ್ ಬಲಕ್ಕೆ ತಿರುಗಿದ, ಅವಳ ಕೈ ಹಿಡಿದ. ಸಂಗೀತ ನಿಂತಿತು. ಈಗ ಅವನ ಮಾತು.

ಅವನು ಸುಮ್ಮನೆ ನಿಂತ.

ಪ್ರಾಂಪ್ಟರಿಗೆ ಒಂದು ನಿಯಮ. ಮಾತು ಕೊಡುವಾಗ ಸ್ಪಷ್ಟವಾಗಿರಬೇಕು, ಭಾವನೆ ಇರಬಾರದು. ರೈಲಿನ ವೇಳೆ ಓದಿದ ಹಾಗೆ. "ಇರು ಎಂದರೆ ಇರುವೆ," ಎಂದಳು ಎನಿಡ್.

ಅವನು ಕದಲಲಿಲ್ಲ. ಥ್ವೇಟ್ ಗಾಬರಿಯಿಂದ ಇಣುಕಿದ.

"ಇರು ಎಂದರೆ ಇರುವೆ," ಎಂದಳು ಇನ್ನೂ ಜೋರಾಗಿ. ಹಿಂದಿನ ಸಾಲಿಗೂ ಕೇಳಿರಬೇಕು. "ಒಂದೇ ಮಾತು, ಬಾಯಿಬಿಟ್ಟು ಹೇಳು." ಕೊನೆಯಲ್ಲಿ ಅವಳ ದನಿ ನಡುಗಿತು. ರೈಲಿನ ವೇಳೆ ಓದುವಾಗ ಹಾಗೆ ಯಾರ ದನಿಯೂ ನಡುಗುವುದಿಲ್ಲ.

ಎಡ್ವಿನ್ ಉಸಿರೆಳೆದುಕೊಂಡು ಆ ಮಾತನ್ನು ಗ್ವೆನ್‌ಗೆ ಹೇಳಿದ. ಚಪ್ಪಾಳೆ ಬಿತ್ತು. ಸಂಭ್ರಮದ ಗದ್ದಲದಲ್ಲಿ ಎನಿಡ್ ಯಾರಿಗೂ ಹೇಳದೆ ಮನೆಗೆ ಹೋದಳು.

* * *

ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ಸೆಟ್ಟು ಬಿಚ್ಚುವುದು ವಾಡಿಕೆ. ಎಡ್ವಿನ್ ಸಮುದ್ರದ ಪರದೆಯನ್ನು ಒಬ್ಬನೇ ಮಡಚಲು ಒದ್ದಾಡುತ್ತಿದ್ದ. ಎನಿಡ್ ಹೋಗಿ ಇನ್ನೊಂದು ತುದಿ ಹಿಡಿದಳು.

"ಮರೆತದ್ದು ಹೇಗೆ?" ಎಂದಳು. ಅವಳ ಕಣ್ಣು ಕೆಂಪಗಿತ್ತು.

"ಮರೀಲಿಲ್ಲ."

"ಏನಂದ್ರಿ?"

"ಮಾತು ನೆನಪಿತ್ತು. ನಿಮ್ಮ ಬಾಯಲ್ಲಿ ಒಂದ್ಸಲ ಕೇಳ್ಬೇಕು ಅನ್ನಿಸ್ತು. ಇವತ್ತು ಹೋಗ್ಬಿಡ್ತೀನಲ್ಲ."

ಎನಿಡ್ ಸಮುದ್ರದ ತುದಿಯನ್ನು ಕೈಬಿಟ್ಟಳು. "ತುಂಬಿದ ಹಾಲ್‌ನಲ್ಲಿ! ನನ್ನ ಶೋ! ಜನ ಏನಂದ್ಕೊಂಡ್ರೋ! ನಿಮಗೆ ಬುದ್ಧಿ ಇದೆಯಾ?"

"ನಿಮ್ಮ ಶೋ, ನಿಮ್ಮ ಸೊಸೈಟಿ, ನಿಮ್ಮ ಟೆನರ್," ಎಂದ ಎಡ್ವಿನ್. ಅವನಿಗೂ ಸಿಟ್ಟು ಬಂದಿತ್ತು. "ನಿಮಗೆ ಬೇಕಾಗಿದ್ದು ಗಂಟಲು ತಾನೇ? ಜೇನು ತಂದ್ರಿ. ಗಂಟಲಿಗೆ. ಅದರ ಕೆಳಗೆ ಒಬ್ಬ ಮನುಷ್ಯ ಇದಾನೆ ಅಂತ ಯಾವತ್ತಾದ್ರೂ ನೋಡಿದೀರಾ?"

ಪರದೆಗಳ ಆಚೆ ಸುತ್ತಿಗೆಯ ಸದ್ದು ನಿಂತಿತು. ಐವಿ ಕಿವಿ ನಿಮಿರಿಸಿದ್ದು ಇಬ್ಬರಿಗೂ ಗೊತ್ತಾಯಿತು. ಎನಿಡ್ ಅದನ್ನು ಲೆಕ್ಕಿಸಲಿಲ್ಲ. ಜೀವಮಾನವೆಲ್ಲ ಬೇರೆಯವರಿಗೆ ಮಾತು ಎತ್ತಿಕೊಟ್ಟವಳು, ತನ್ನದೊಂದು ಮಾತಿಗೆ ತಡಕಾಡಿದಳು. ಎತ್ತಿಕೊಡುವವರು ಯಾರೂ ಇರಲಿಲ್ಲ.

"ನೋಡಿದೀನಿ," ಎಂದಳು ಕೊನೆಗೆ. "ದಿನಾ ಅದನ್ನೇ ನೋಡಿದೀನಿ. ಕಲ್ಲಿದ್ದಲು ವ್ಯಾನ್ ಬಂದ್ರೂ ನೀವೇ ಅಂತ ಓಡಿ ನೋಡಿದೀನಿ. ಹಾಡೋದು ನೋರಾ ಹತ್ರಾನೇ ಹಾಡಿ. ನನಗೆ ಟೆನರ್ ಬೇಡ."

"ಟೆನರ್ ಬೇಡ್ವಾ?"

"ಬೇಡ. ಎಡ್ವಿನ್ ಬೇಕು."

"ಅಯ್ಯೋ ದೇವ್ರೇ," ಎಂದಳು ಐವಿ ಪರದೆಯ ಹಿಂದಿನಿಂದ. "ಹಾಗಾದ್ರೆ ಮುಂದಿನ ವರ್ಷ ಮತ್ತೆ ಪರ್ಸಿನಾ?"

"ಪರ್ಸಿನೇ," ಎಂದಳು ಎನಿಡ್, ಎಡ್ವಿನ್‌ನಿಂದ ಕಣ್ಣು ತೆಗೆಯದೆ. "ಎಬ್ಬಿಸ್ಕೊಳ್ತೀವಿ ಬಿಡು."

ಸ್ಟೀರಿಂಗಿಗೂ ಹಿಟ್ಟು ಮೆತ್ತಿದ್ದ ಬ್ರೆಡ್ಡಿನ ವ್ಯಾನು ಗುಡ್ಡ ಹತ್ತುವಾಗ ಅವಳು ಅವನ ಪಕ್ಕ ಕೂತಿದ್ದಳು. ವಾಪಸ್ಸು ಒಪ್ಪಿಸುವ ಮಾತು ಕೊಟ್ಟವಳು ತಾನು, ಒಪ್ಪಿಸಬೇಕಾದವಳೂ ತಾನೇ ಎಂದು ಹಟ ಹಿಡಿದು ಬಂದಿದ್ದಳು. ನೆತ್ತಿಯಲ್ಲಿ ಎರಡು ಸೀಮೆಗಳ ನಡುವಿನ ಗಡಿಕಲ್ಲಿನ ಹತ್ತಿರ ಎಡ್ವಿನ್ ವ್ಯಾನು ನಿಲ್ಲಿಸಿದ. ಗಾಳಿ ಬಾಗಿಲನ್ನು ಅಲುಗಿಸುತ್ತಿತ್ತು.

"ಮುತ್ತು," ಎಂದ.

ಅವಳು 'ಆಯ್ತು, ಮುಂದಕ್ಕೆ' ಎನ್ನಲಿಲ್ಲ. ಕಿವಿಯ ಹಿಂದಿನ ಪೆನ್ಸಿಲ್ ಎಲ್ಲಿ ಬಿತ್ತೋ, ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ.

ನೋರಾ ಬಾಗಿಲು ತೆರೆದಳು. ಎಡ್ವಿನ್‌ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಎನಿಡ್‌ನ ಕೆದರಿದ ಕೂದಲು ನೋಡಿದಳು. ಎನಿಡ್‌ನ ಕೋಟಿನ ಮೇಲೆ, ಬೆನ್ನಿಗೆ, ಹಿಟ್ಟಿನ ಕೈಗುರುತು ಎದ್ದು ಕಾಣುತ್ತಿತ್ತು.

"ನಾನು ಕೊಟ್ಟ ಹಾಗೆ ಇಲ್ವಲ್ಲ ಇವನು," ಎಂದಳು ನೋರಾ.

"ಇಲ್ಲ ನೋರಾ," ಎಂದಳು ಎನಿಡ್, ಅವನ ಕೈ ಬಿಡದೆ. "ಮಾತು ತಪ್ಪಿದೆ."