ಖಾಲಿಯಾದ ಕರಿ ನಾಲ್ಕು

"ಸುರ ಯಾಕ ಇಳಿಸಿದ್ರಿ?"

ಕಾಂಚನಾಳ ದಪ್ಪ ದನಿಗೆ ಬೆಟಗೇರಿಯ ತಾಲೀಮು ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಾರ್ಮೋನಿಯಂ ಮುಂದೆ ಕುಳಿತಿದ್ದ ಹೊಸಬ, ಮುಂಡರಗಿಯ ಲೋಹಿತ, ಉತ್ತರ ಕೊಡಲಿಲ್ಲ. ಹೆಣ್ಣುಮಕ್ಕಳು ಹಾಡುವ ಏರು ಸುರದ ನಾಲ್ಕನೆಯ ಕರಿ ಪಟ್ಟಿ, ಕರಿ ನಾಲ್ಕನ್ನು ಬಿಟ್ಟು, ಗಂಡಸರ ತಗ್ಗು ಸುರದ ಕರಿ ಎರಡರ ಪಟ್ಟಿಯ ಮೇಲೆ ಬೆರಳಿಟ್ಟು ಸುಮ್ಮನೆ ಅವಳನ್ನೇ ನೋಡಿದ.

"ನನ್ನ ದನಿ ಗಂಡಸರಂಗ ಐತಿ ಅಂತ ಎಲ್ಲಾರಿಗೂ ತೋರಸಾಕ ಹತ್ತೀರೇನು? ಮಾತಾಡ್ರಿ! ಬಾಯಾಗ ಕಡಬು ತುರಕ್ಕೊಂಡೀರೇನು?"

ಅವನು ಬಾಯಿ ತೆರೆದ... ಮತ್ತೆ ಮುಚ್ಚಿದ. ಮುಖ ಕೆಂಪಗೆ ಮಾಡಿಕೊಂಡು ಕರಿ ನಾಲ್ಕಕ್ಕೇ ಸುರ ಹಿಡಿದ.

'ಎಷ್ಟು ಸೊಕ್ಕು!' ಅಂದುಕೊಂಡಳು. ಆದರೆ ಆ ಕಣ್ಣುಗಳಲ್ಲಿ ಅಪಹಾಸ್ಯ ಇರಲಿಲ್ಲ. ಅದೇ ಅವಳನ್ನು ದಿನವೆಲ್ಲ ಕಾಡಿತು.

ಅವತ್ತೂ ಏರು ಸ್ವರದಲ್ಲಿ ಕೊರಳು ಒಡೆಯಿತು. ಭಾನುವಾರ ಲಕ್ಷ್ಮೇಶ್ವರದಲ್ಲಿ ಕಛೇರಿ ಇತ್ತು. ಅಲ್ಲೂ ಒಡೆದರೆ ಹಾಡುವುದನ್ನೇ ಬಿಡುತ್ತೇನೆಂದು ಅವ್ವ ಅಮೃತವ್ವನಿಗೆ ಹೇಳಿಬಿಟ್ಟಿದ್ದಳು. ಫೋನ್ ಎತ್ತಿದರೆ "ಹೇಳ್ರಿ ಸರ್" ಅನ್ನಿಸಿಕೊಂಡು ಸಾಕಾಗಿತ್ತು. ಶಿರಹಟ್ಟಿಯಿಂದ ಹೆಣ್ಣು ನೋಡಲು ಬಂದವರಂತೂ ಬಾಗಿಲ ಹಿಂದಿನ ಅವಳ ಮಾತು ಕೇಳಿ, "ಒಳಗ ಹುಡುಗಿ ಅಣ್ಣ ಅದಾನೇನ್ರಿ?" ಅಂದಿದ್ದರು!

ಆಪರೇಷನ್ ಮಾಡಿಸಿ ದನಿ ತೆಳ್ಳಗಾಗಿಸಿಕೊಳ್ಳುವುದೇ ಸೈ ಎಂದು ಗದಗಿನ ಗಂಟಲು ಡಾಕ್ಟರ ಹತ್ತಿರ ಹೋದಳು.

ಡಾಕ್ಟರ್ ಮೇಡಂ ಕೊರಳು ಮುಟ್ಟಿ, ಸಣ್ಣ ಕ್ಯಾಮೆರಾ ಇಳಿಸಿ ನೋಡಿ ನಕ್ಕರು. "ನಿಮ್ಮ ಧ್ವನಿಪೆಟ್ಟಿಗಿ ಬಾಳ ಮಂದಿ ಹೆಣ್ಣಮಕ್ಕಳದಕ್ಕಿಂತ ದೊಡ್ಡದೈತಿ, ಅಷ್ಟ. ಇದು ರೋಗ ಅಲ್ಲ. ಒಬ್ಬರ ಪಾದ ಐದು ನಂಬರ್, ಒಬ್ಬರದು ಎಂಟು ಇರೂದಿಲ್ಲೇನು?"

"ಮತ್ತ ಕರಿ ನಾಕಕ್ಕ ಹಾಡಿದ್ರ ಕೊರಳು ಯಾಕ ಒಡೀತೈತ್ರಿ?"

"ಎಂಟರ ಪಾದ ಐದರ ಚಪ್ಪಲಿಯಾಗ ತುರುಕಿದ್ರ ಬೊಬ್ಬಿ ಬರೂದಿಲ್ಲೇನು? ಇಷ್ಟು ಏರು ಸುರ ನಿಮಗ ಯಾರು ಹಚ್ಚಿದ್ರು?"

ಯಾರು? ಎರಡು ಜಡೆಯ ಹುಡುಗಿಯನ್ನು ಕಂಡ ಗುರುಗಳು ಅಂದು ಕರಿ ನಾಲ್ಕು ಒತ್ತಿದ್ದರು. ಅವಳು ಬೆಳೆದು ದನಿ ದಪ್ಪಗಾದ ಮೇಲೂ ಎಲ್ಲರೂ ಅದನ್ನೇ ಒತ್ತುತ್ತ ಬಂದರು. ಹೆಣ್ಣು ಅಂದರೆ ಕರಿ ನಾಲ್ಕು, ಮುಗಿಯಿತು! ಅವಳ ಕೊರಳನ್ನು ನಿಜವಾಗಿ ಕೇಳಿಸಿಕೊಂಡವನು ಒಬ್ಬನೇ. ಅವನಿಗೇ ಅವಳು ಬೈದಿದ್ದಳು...

ಭಾನುವಾರ ಸಂಜೆ, ವೇದಿಕೆಯ ಹಿಂದೆ ಅವನೆದುರು ನಿಂತಳು.

"ತಪ್ಪಾತ್ರಿ. ಆದ್ರ ಅವತ್ತು ಒಂದು ಮಾತರ ಹೇಳಬಾರದಿತ್ತೇನು?"

ಲೋಹಿತ ಕೊನೆಗೂ ಬಾಯಿಬಿಟ್ಟ. "ನನ್ನ ದನಿ ಕೇಳಿದ್ರ ನೀವೂ ನಗ್ತಿದ್ರಿ."

ಶಾಲೆಯ ಹುಡುಗಿಯಷ್ಟು ತೆಳು ದನಿ! ಕಾಂಚನಾ ದಂಗಾದಳು.

"ನನ್ನ ಧ್ವನಿಪೆಟ್ಟಿಗಿ ಸಣ್ಣದ್ರಿ. ಗಂಡಸರ ಸುರಕ್ಕ ಇಳಿಯಾಕ ಹೋಗಿ ಮಂದಿ ಕೈಲೆ ನಗಿಸಿಕೊಂಡೆ. ಆಮ್ಯಾಲ ಹಾಡೂದ ಬಿಟ್ಟೆ. ನೀವೂ ಬಿಡೂದು ಬ್ಯಾಡಾಗಿತ್ತು ನನಗ."

ಅವಳು ನಗಲಿಲ್ಲ. ವೇದಿಕೆಯ ಕಡೆ ಕೈ ತೋರಿದಳು.

"ಕರಿ ಎರಡು ಹಿಡೀರಿ, ನಡೀರಿ," ಅಂದಳು.

ಅವತ್ತು ಕೊರಳು ಒಡೆಯಲಿಲ್ಲ. ಮೊದಲ ಸ್ವರಕ್ಕೇ ಸಭೆ ನೆಟ್ಟಗಾಯಿತು. ಏರು ಸ್ವರದಲ್ಲಿ ಅವಳು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತಳು, ತನ್ನ ಮನೆಯ ಅಂಗಳದಲ್ಲಿ ನಿಂತ ಹಾಗೆ. ಮುಂದಿನ ಸಾಲಿನಲ್ಲಿ ಅಮೃತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಕಾಂಚನಾ ಅವನ ಕಡೆ ಬಾಗಿದಳು.

"ಲೋಹಿತ, ನನಗ ನೀವು ಬೇಕು. ನಮ್ಮ ಮನಿಗೆ ಹೆಣ್ಣು ಕೇಳಾಕ ಬರ್ತೀರಿಲ್ಲ?"

ಅವನ ಬೆರಳು ಪಟ್ಟಿಯ ಮೇಲೇ ನಿಂತವು. "ಬರ್ತೇನ್ರಿ... ನೀವು ಬೈದ ಅವತ್ತ ಬರಾಕ ತಯಾರಿದ್ದೆ. ಆದ್ರ ಈ ದನಿ ಕೇಳಿ ನಿಮ್ಮವ್ವ ಏನಂತಾರ?"

"ಹೊರಗ ಮದಿಮಗಳು ಮಾತಾಡಾಕ ಹತ್ಯಾಳ ಅಂತಾಳ, ಬಿಡ್ರಿ!"

ಇಬ್ಬರೂ ಒಟ್ಟಿಗೆ ನಕ್ಕರು. ನಗು ಇಳಿದ ಮೇಲೆ ಅವಳು ಮೆಲ್ಲಗೆ ಕೇಳಿದಳು.

"ನನ್ನ ಜೋಡಿ ಹಾಡ್ತೀರಿ?"

"ಯಾವ ಸುರಕ್ಕ ಹಾಡ್ಲಿ?"

"ನನ್ನ ಕರಿ ನಾಕು ಖಾಲಿ ಆಗೇತಿ. ತಗೋರಿ."