ಹೊಳೆ ದಾಟಿಸಿದ ಏಳೆಕರೆ

"ಅದು ನನ್ನ ಹುಲ್ಲು, ನಿನಿಯನ್!"

ಟೀವಿಯಟ್ ಹೊಳೆಯ ಈಚೆ ದಡದಿಂದ ಎಫಿ ಕೂಗಿದಳು. ಆಚೆ ದಡದಲ್ಲಿ ಬೇಲಿಗೂಟ ಹೊತ್ತು ನಡೆಯುತ್ತಿದ್ದ ನಿನಿಯನ್ ನಿಂತ. ನಾಲ್ಕು ತಿಂಗಳಲ್ಲಿ ಇಬ್ಬರ ನಡುವೆ ಅದು ಮೊದಲ ಮಾತು.

"ಗೊತ್ತು."

"ಗೊತ್ತಿದ್ದೂ ಗೂಟ ಹೊಡೀತಿದ್ದೀಯಾ?"

"ಈ ನೀರಿನ ಸದ್ದಲ್ಲಿ ಎಷ್ಟೂಂತ ಕಿರುಚಲಿ? ಬೇಕಾದ್ರೆ ಬಂದು ನೋಡು."

ಹಾಗೆಂದು ಅವನು ಆಲ್ಡರ್ ಮರಗಳ ಹಿಂದೆ ಮರೆಯಾದ. ಸುತ್ತಿಗೆಯ ಸದ್ದು ಮತ್ತೆ ಶುರುವಾಯಿತು.

ಬಂದು ನೋಡಬೇಕಂತೆ... ಸೇತುವೆ ಬಳಸಿದರೆ ಆರು ಮೈಲಿ. ಮೂರು ವಾರದಿಂದ ಕುರಿಗಳು ಈಯುತ್ತಿದ್ದವು. ಮರಿಗಳ ಹೊಕ್ಕುಳಿಗೆ ಹಚ್ಚಿ ಹಚ್ಚಿ ಅವಳ ಬೆರಳುಗಳಿಗೆ ಅಯೋಡಿನ್ನಿನ ಕಂದು ಬಣ್ಣ ಅಂಟಿಕೊಂಡಿತ್ತು. ನಿಂತಲ್ಲೇ ಕಣ್ಣು ಮುಚ್ಚುತ್ತಿತ್ತು.

ಫೆಬ್ರವರಿಯ ನೆರೆಯಲ್ಲಿ ಹೊಳೆ ತನ್ನ ಹಳೆಯ ತಿರುವನ್ನು ಬಿಟ್ಟು ನೇರ ನುಗ್ಗಿತ್ತು. ಎಫಿಯ ಹೊಳೆಬಯಲಿನಲ್ಲಿ ಏಳೆಕರೆ ಒಂದೇ ದಿನದಲ್ಲಿ ನಿನಿಯನ್ ಕಡೆಗೆ ಹೋಗಿತ್ತು. ಚಳಿಗಾಲದ ಒಣಹುಲ್ಲೆಲ್ಲ ಬೆಳೆಯುತ್ತಿದ್ದುದು ಅಲ್ಲೇ. ಹೊಳೆ ಮೆಲ್ಲಗೆ ದಡ ಕೊರೆದರೆ ಗಡಿಯೂ ಜೊತೆಗೆ ಸರಿಯುತ್ತದೆ. ಒಮ್ಮೆಲೇ ದಾರಿ ಬದಲಿಸಿದರೆ ಹಳೆಯ ಪಾತ್ರವೇ ಗಡಿ. ಆ ಕಣಿವೆಯಲ್ಲಿ ಇದು ಎಲ್ಲರಿಗೂ ಗೊತ್ತು. ಆದರೆ ಬೇಲಿ ಹಾಕಿ ದನ ಬಿಡಲು ಹೊರಟವನ ಜೊತೆ ಕಾನೂನು ಮಾತಾಡಲು ಶಕ್ತಿ ಬೇಕಲ್ಲ? ಹೊಲಮನೆ ಮಾರುವ ಕಾಗದ ಅಡುಗೆಮನೆಯ ಮೇಜಿನ ಮೇಲಿತ್ತು. ಸೋಮವಾರ ಸಹಿ.

ಹೊಸವರ್ಷದ ಕುಣಿತದಲ್ಲಿ ಅವನು, "ನನ್ನ ಮದುವೆ ಆಗ್ತೀಯಾ?" ಎಂದು ಕೇಳಿದ್ದ. "ನಾನು ಬೇಕೋ, ನನ್ನ ಹೊಳೆಬಯಲು ಬೇಕೋ?" ಎಂದು ಅವಳು ನಕ್ಕಿದ್ದಳು. ಬರೀ ತಮಾಷೆಗೆ. ಆಮೇಲೆ ಅವನು ಬರಲೇ ಇಲ್ಲ.

'ಈಗ ಗೊತ್ತಾಯ್ತು, ಯಾವುದು ಬೇಕಿತ್ತು ಅಂತ...'

ಅವಳು ಗಾಡಿ ಹತ್ತಿ ಸೇತುವೆಯತ್ತ ಹೊರಟಳು.

ಆಲ್ಡರ್ ಸಾಲಿನ ಹಿಂದೆ, ಹಳೆಯ ಪಾತ್ರದ ಉದ್ದಕ್ಕೂ ಹೊಸ ಬೇಲಿ ನಿಂತಿತ್ತು. ನಿನಿಯನ್ ಅಲ್ಲೇ ಗೂಟ ಹೊಡೆಯುತ್ತಿದ್ದ. ಬೈಯಲೆಂದು ಬಾಯಿ ತೆರೆದವಳು ತಂತಿಯತ್ತ ಬಗ್ಗಿ ನೋಡಿದಳು.

ತಂತಿಯನ್ನು ಯಾವತ್ತೂ ದನ ನಿಲ್ಲುವ ಮಗ್ಗುಲಿಗೇ ಬಡಿಯುತ್ತಾರೆ. ದನ ಒರಗಿದರೆ ತಂತಿ ಗೂಟಕ್ಕೆ ಒತ್ತಬೇಕು, ಕಿತ್ತುಬರಬಾರದು. ಇಲ್ಲಿ ತಂತಿಯಿದ್ದದ್ದು ನಿನಿಯನ್‌ನ ಹೊಲದ ಮಗ್ಗುಲಿಗೆ. ಏಳೆಕರೆಯ ಕಡೆ ಬರಿಯ ಗೂಟಗಳು.

ಅವನು ತಡೆಯುತ್ತಿದ್ದುದು ತನ್ನ ದನಗಳನ್ನೇ.

"ಇದನ್ನ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?" ಅವಳ ದನಿ ಇಳಿದಿತ್ತು.

"ಹೇಗೆ ಹೇಳ್ಲಿ, ಎಫಿ? ನಿನ್ನ ಆ ಮಾತು ಚುಚ್ತಾನೇ ಇತ್ತು. ಸರಿ, ಹೋಗೋಣ ಅನ್ನೋಷ್ಟರಲ್ಲಿ ಈ ಹೊಳೆ ಏಳೆಕರೆ ತಂದು ನನ್ನ ಬಾಗಿಲಿಗೆ ಹಾಕ್ತು. ಆಮೇಲೆ ಬಂದು ನೀನೇ ಬೇಕು ಅಂದಿದ್ರೆ ನಂಬ್ತಿದ್ದೆಯಾ? ಮೊದ್ಲು ಬೇಲಿ ಮುಗೀಲಿ ಅಂದ್ಕೊಂಡೆ."

"ನೀನು ಮುಗಿಸೋಷ್ಟರಲ್ಲಿ ನಾನು ಮುದುಕಿ ಆಗ್ತಿದ್ದೆ."

"ಒಬ್ಬನೇ ಅಲ್ವಾ ಹೊಡೀತಿರೋದು."

"ನಾನು ಹೊಲ ಮಾರ್ತಿದ್ದೀನಿ. ಸೋಮವಾರ ಸಹಿ."

ಅವನು ಸುತ್ತಿಗೆ ಕೆಳಗಿಟ್ಟ.

"ಹುಲ್ಲಿಗೋಸ್ಕರನಾ?"

"ಹುಲ್ಲಿಲ್ದೆ ಕುರಿಗೇನು ಹಾಕ್ಲಿ?"

"ಹುಲ್ಲು ಇಲ್ಲೇ ಬೆಳೀತಿದೆಯಲ್ಲ. ಜುಲೈಲಿ ನಾನೇ ಕೊಯ್ದು, ಸೇತುವೆ ಸುತ್ತಿ ತಂದು ನಿನ್ನ ಕೊಟ್ಟಿಗೇಲಿ ಇಳಿಸ್ತೀನಿ. ಅದಕ್ಕೋಸ್ಕರ ನೀನು ನನ್ನ ಮದುವೆ ಆಗ್ಬೇಕಿಲ್ಲ."

"ಆಗ್ತೀನಿ ಅಂದ್ರೆ?"

ನಿನಿಯನ್‌ನ ಕಿವಿಗಳು ಕೆಂಪಾದವು.

"ನಂಗೆ ನೀನು ಆವತ್ತೂ ಬೇಕಿತ್ತು," ಎಂದಳು ಎಫಿ. "ಆದ್ರೆ ತುಂಬಾ ಸುಸ್ತಾಗಿದೆ, ನಿನಿಯನ್. ಖುಷಿಪಡೋಕೂ ತ್ರಾಣ ಇಲ್ಲ..."

ಅವಳು ಒದ್ದೆ ಹುಲ್ಲಿನ ಮೇಲೆಯೇ ಕುಳಿತಳು. ಅವನೂ ಪಕ್ಕದಲ್ಲಿ ಕುಳಿತು ಅವಳ ಕಂದುಗಟ್ಟಿದ ಬೆರಳುಗಳನ್ನು ಕೈಗೆ ತೆಗೆದುಕೊಂಡ.

"ಸೋಮವಾರದ ಕಾಗದ?"

"ಒಲೆಗೆ ಹಾಕ್ತೀನಿ."

"ನಾಳೆ ಬೆಳಿಗ್ಗೆ ನಿನ್ನ ಕುರಿಗಳನ್ನ ನಾನು ನೋಡ್ಕೋತೀನಿ. ನೀನು ಎಂಟು ಗಂಟೆವರೆಗೂ ಮಲಗು."

ಎಫಿ ಅವನ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದಳು.

"ಒಂಬತ್ತು."

"ಸರಿ. ಒಂಬತ್ತು."