ಹಿಂದಿನ ಸೀಟು

ದಿನಾ ಟ್ರಾಫಿಕ್‌ನಲ್ಲಿ ನುಸುಳಲೂ ಆಗಬೇಕು, ವಾರಾಂತ್ಯಕ್ಕೆ ಹೆಂಡತಿಯನ್ನು ಕೂರಿಸಿಕೊಂಡು ದೂರ ಹೋಗಲೂ ಆಗಬೇಕು. ಅಂಥ ಬೈಕ್ ಹುಡುಕಿ ಹುಡುಕಿ ನನಗೆ ಸಾಕುಸಾಕಾಗಿತ್ತು. ನಾವಿಬ್ಬರೂ ಜೊತೆಯಾಗಿ ಎಲ್ಲಿಗಾದರೂ ಹೋಗಿ ವರ್ಷಗಳೇ ಆಗಿದ್ದವು.

"ಈ ಭಾನುವಾರವೂ ಹೊರಡದಿದ್ರೆ ಇನ್ನು ಆ ಮಾತೇ ಎತ್ತಬೇಡಿ," ಎಂದಿದ್ದಳು ಹೆಂಡತಿ.

ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಒಂದು ಭಾರದ ಬೈಕನ್ನು ಓಡಿಸಿ ನೋಡಿದೆ. ಬ್ರೇಕ್ ಹಿಡಿದರೆ ಹಿಂದೆ ಕೂತವರು ಮುಂದಕ್ಕೆ ಜಾರುವುದು ಜಡತ್ವದ ನಿಯಮ. ನಾನು ಒಬ್ಬನೇ ಇದ್ದೆ. ಆದರೂ ಪ್ರತಿ ಬ್ರೇಕಿಗೂ ಬೆನ್ನಿಗೆ ಏನೋ ಬಂದು ಒತ್ತುತ್ತಿತ್ತು. ಆಯಾಸಕ್ಕೆ ಹಾಗನ್ನಿಸಿರಬೇಕು ಎಂದುಕೊಂಡೆ. ಇಳಿದು ನೋಡಿದರೆ, ಹೊರಡುವಾಗ ನಾನೇ ಮಡಚಿದ್ದ ಹಿಂದಿನ ಫುಟ್‌ರೆಸ್ಟ್‌ಗಳು ಎರಡೂ ಬಿಚ್ಚಿಕೊಂಡಿದ್ದವು. ಹಿಂದಿನ ಸೀಟು ಮುಟ್ಟಿದೆ. ನಾನು ಕೂತಿದ್ದ ಜಾಗಕ್ಕಿಂತ ಬೆಚ್ಚಗಿತ್ತು.

"ಏನ್ ಸಾರ್, ಮೈಗೆ ಒಗ್ಗಲಿಲ್ವಾ?" ಎಂದ ಅಂಗಡಿಯವನು.

"ಸಿಟಿಗೆ ಭಾರ ಆಯ್ತು," ಎಂದು ಪಕ್ಕದಲ್ಲೇ ನಿಂತಿದ್ದ ಹಗುರ ಬೈಕನ್ನು ಕೊಂಡೆ. ಅದರ ಮೇಲೆ ಮನೆಗೆ ಬರುವಾಗ ಬೆನ್ನಿಗೆ ಏನೂ ತಾಗಲಿಲ್ಲ.

ಭಾನುವಾರ ಬೆಳಿಗ್ಗೆ ಹೆಂಡತಿ ಖುಷಿಯಿಂದಲೇ ಹತ್ತಿ ಕೂತಳು. ಊರು ದಾಟುವ ಮೊದಲೇ ನನ್ನ ಭುಜ ತಟ್ಟಿದಳು.

"ಸ್ವಲ್ಪ ಮುಂದೆ ಸರೀರಿ. ನಂಗೆ ಕೂರೋಕೆ ಜಾಗವೇ ಸಾಲ್ತಿಲ್ಲ."

ನಾನು ಆಗಲೇ ಟ್ಯಾಂಕಿಗೆ ಒತ್ತಿಕೊಂಡು ಕೂತಿದ್ದೆ.